ಮೀಸೆ ಮಾರ್ಕಿನ ಬ್ರಷ್‌ಗಳು

ಫೆಬ್ರವರಿ 11

ಪ್ರೀತಿಯ ಗುಬ್ಬಿ,

ತಲೆ ಅರ್ಧ ಬೆಳ್ಳಗಾದ ಮೇಲೂ ಗುಬ್ಬಿ ಎನ್ನುತ್ತಾಳಲ್ಲ ಎಂದು ಮುಖ ಊದಿಸಬೇಡ. ಅಪ್ಪನ ಇಬ್ಬರು ಮಕ್ಕಳಲ್ಲಿ ಹಾರಿಹೋದವನು ನೀನು, ಹೆಸರು ನಿನಗೇ ಒಪ್ಪುತ್ತದೆ. ಫೋನಿನಲ್ಲಿ ಹೇಳಬಹುದಾಗಿದ್ದ ಮಾತನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಕಣ್ಣು ಹೋದ ಮೇಲೆ ಅಪ್ಪನ ಕಿವಿ ಎರಡು ಗೋಡೆ ದಾಟಿ ಕೇಳುತ್ತದೆ. ಅವರ ಮುಂದೆ ಫೋನ್ ಹಿಡಿದು ಗುಸುಗುಸು ಮಾಡಿದರೆ ಸಂಜೆಯವರೆಗೂ ಪ್ರಶ್ನೆ ಕೇಳುತ್ತಾರೆ.

ವಿಷಯ ಇಷ್ಟು. ನಮ್ಮ ಮೀಸೆ ಮಾರ್ಕಿನ ಮೇಲೆ ಯಾರದೋ ಕಣ್ಣು ಬಿದ್ದಿದೆ. ಯಾರು, ಎತ್ತ ಎಂದು ಕೇಳಬೇಡ, ವ್ಯಾಪಾರದಲ್ಲಿ ಇಂಥ ಮಾತು ಗಾಳಿಯಲ್ಲಿ ಬರುತ್ತದೆ. ಇಷ್ಟು ವರ್ಷ ಬ್ರಷ್ಷಿನ ಹಿಡಿಯ ಮೇಲೆ ಅಪ್ಪನ ಮೀಸೆ ಒತ್ತಿಕೊಂಡು ಬಂದೆವು, ಅದು ನಮ್ಮದೆಂದು ಯಾವ ಕಚೇರಿಯಲ್ಲೂ ಬರೆಸಿಲ್ಲ. ನೀನು ಟ್ರೇಡ್‌ಮಾರ್ಕ್ ವಕೀಲರ ಹತ್ತಿರ ಗುಮಾಸ್ತನಾಗಿದ್ದುಕೊಂಡು ಕಂಡವರ ಹುಲಿ, ನಕ್ಷತ್ರ, ಕೊಡೆಗಳನ್ನೆಲ್ಲ ನೋಂದಾಯಿಸಿಕೊಡುತ್ತೀಯ. ಮನೆಯ ಮೀಸೆ ಮಾತ್ರ ಬೀದಿಯಲ್ಲಿದೆ.

ಚಿತ್ರ ಇದರ ಜೊತೆಗಿದೆ. ಬೋರ್ಡು ಬರೆಯುವ ಪೇಂಟರ್ ಒಬ್ಬರು ಒಂದು ಕುಂಚಕ್ಕೆ ಬದಲಾಗಿ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದು. ಎಡತುದಿ ಬಲತುದಿಗಿಂತ ಕೊಂಚ ಮೇಲಿದೆ, ತಿದ್ದಲು ಹೋಗಬೇಡ, ಅಪ್ಪನ ಮೀಸೆ ಇದ್ದದ್ದೇ ಹಾಗೆ. ಸರಕು ಏನು ಎಂದು ಅರ್ಜಿಯಲ್ಲಿ ಕೇಳಿದರೆ ‘ಎಲ್ಲಾ ಬಗೆಯ ಬ್ರಷ್‌ಗಳು’ ಎಂದು ಬರೆ. ಹಾಗೆಯೇ ಬರೆ.

ಅಪ್ಪ ಆರಾಮಾಗಿದ್ದಾರೆ. ಮಹಡಿ ಇಳಿಯುವುದಿಲ್ಲ. ವಾರಕ್ಕೊಮ್ಮೆ ಹೊಸ ಕುಂಚ ಒಯ್ದು ಕೈಗಿಟ್ಟರೆ ಕೆಳತುಟಿಯ ಮೇಲೆ ಎಳೆದು, ತುದಿ ಸೇರಿದೆಯೋ ಇಲ್ಲವೋ ಹೇಳುತ್ತಾರೆ. ಕೆಳಗಿನ ಯಂತ್ರದ ಗರಗರ ಸದ್ದಿಗೆ ಮಾತ್ರ ದಿನವೂ ಶಾಪ ಹಾಕುತ್ತಾರೆ. ಕಾರ್ಖಾನೆಯ ಅರ್ಧ ಜಾಗವನ್ನು ಯಾರೋ ತಂತಿ ಕೆಲಸದವರಿಗೆ ಬಾಡಿಗೆ ಕೊಟ್ಟಿದ್ದೇನೆಂದು ಹೇಳಿದ್ದೆನಲ್ಲ, ಆ ಸದ್ದು.

ನಿನ್ನ ಅಕ್ಕ


ಮಾರ್ಚ್ 2

ಅಕ್ಕಾ,

ಅರ್ಜಿ ಹಾಕಿದ್ದಾಯಿತು. ಮೀಸೆಯ ಚಿತ್ರ ಮೇಜಿನ ಮೇಲಿಟ್ಟಾಗ ನಮ್ಮ ವಕೀಲರು ಕನ್ನಡಕ ಏರಿಸಿ ನೋಡಿ, ಇವರಿಗೆ ಕೋಪ ಜಾಸ್ತಿಯೇ ಎಂದು ಕೇಳಿದರು. ಕುಂಚದ ತುದಿಗೆ ಕತ್ತರಿ ಹಾಕಿದರೆ ಮಾತ್ರ ಎಂದೆ. ಎದ್ದು ನಿಂತ ಒಂದು ಕೂದಲನ್ನು ನಾನು ಕಚಕ್ಕೆಂದು ಕತ್ತರಿಸಿದ್ದಕ್ಕೆ ಅಪ್ಪ ಇಡೀ ದಿನ ಮಾತು ಬಿಟ್ಟದ್ದು ನೆನಪಿದೆಯಾ? ಕುಂಚದ ತುದಿ ಕೂದಲಿನ ಹುಟ್ಟು ತುದಿಯೇ ಆಗಿರಬೇಕು, ಏನೇ ತಿದ್ದಿದರೂ ಬುಡದಲ್ಲಿ ಎಳೆದು ತಿದ್ದಬೇಕು, ತುದಿಗೆ ಕತ್ತರಿ ಬಿತ್ತೋ ಅದು ಪೊರಕೆ ಎನ್ನುತ್ತಿದ್ದರು. ಆ ದಿನವೇ ನನಗೆ ಗೊತ್ತಾಯಿತು, ಈ ಕೆಲಸಕ್ಕೆ ಹುಟ್ಟಿದ ಕೈ ನಿನ್ನದು, ನನ್ನದಲ್ಲ.

ಅಮ್ಮ ತೀರಿಹೋದಾಗ ನಾನು ಊರಿಗೆ ಬಂದದ್ದೇ ಕೊನೆ. ಆಗ ಬಂಧುಗಳೆಲ್ಲ, ನಾನೂ ಸೇರಿ, ಕಾರ್ಖಾನೆ ಮಾರಿಬಿಡು ಎಂದೆವು. ನೀನು ‘ನಡೆಸಿ ತೋರಿಸ್ತೀನಿ’ ಎಂದು ಸೆರಗು ಕೊಡವಿ ಎದ್ದು ಕೆಳಗೆ ಹೋದದ್ದು ಕಣ್ಣಿಗೆ ಕಟ್ಟಿದಂತಿದೆ. ಹೇಳಿದ ಹಾಗೆ ನಡೆಸಿ ತೋರಿಸಿದೆ. ಇಲ್ಲಿ ಅಂಗಡಿಯ ಬೋರ್ಡುಗಳೆಲ್ಲ ಯಂತ್ರದಲ್ಲಿ ಅಚ್ಚಾಗಿ ಬಂದ ಪ್ಲಾಸ್ಟಿಕ್ ಹಾಳೆಗಳು. ಇಂಥ ಕಾಲದಲ್ಲೂ ನಮ್ಮ ಮನೆಯಲ್ಲಿ ಕುಂಚ ಕಟ್ಟುತ್ತಾರೆ ಎಂದು ಯಾರ ಮುಂದಾದರೂ ಹೇಳುವಾಗ ನನಗೆ ಎದೆ ಉಬ್ಬುತ್ತದೆ. ಇದನ್ನು ನಿನಗೆ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಪ್ಪನಿಗೆ ನಮಸ್ಕಾರ ತಿಳಿಸು.

ಗುಬ್ಬಿ


ಜೂನ್ 3

ಅಕ್ಕಾ,

ನೋಂದಣಿ ಕಚೇರಿಯಿಂದ ಆಕ್ಷೇಪ ಬಂದಿದೆ. ಗಾಬರಿಯಾಗಬೇಡ, ಬಹುಪಾಲು ಅರ್ಜಿಗಳಿಗೆ ಬರುತ್ತದೆ. ಮೀಸೆಯ ಬಗ್ಗೆ ಅವರ ತಕರಾರಿಲ್ಲ. ‘ಎಲ್ಲಾ ಬಗೆಯ ಬ್ರಷ್‌ಗಳು’ ಎಂಬ ವಿವರಣೆ ಅಸ್ಪಷ್ಟ, ಸರಕು ಯಾವುದೆಂದು ಬಿಡಿಸಿ ಹೇಳಿ ಎನ್ನುತ್ತಾರೆ.

ಅವರು ಹೇಳುವುದರಲ್ಲಿ ನ್ಯಾಯವಿದೆ. ಅಮ್ಮ ಅಡುಗೆಮನೆಯ ಡಬ್ಬಿ ಜೋಡಿಸುತ್ತಿದ್ದ ಹಾಗೆ ಅವರು ಲೋಕದ ಸರಕನ್ನೆಲ್ಲ ವರ್ಗ ಮಾಡಿ ಇಟ್ಟಿದ್ದಾರೆ. ಬಣ್ಣ ಬಳಿಯುವ ಕುಂಚ ಕಾಗದ, ಪೆನ್ಸಿಲ್ಲುಗಳ ಜೊತೆ ಒಂದು ವರ್ಗದಲ್ಲಿ ಕೂರುತ್ತದೆ. ತಿಕ್ಕುವ, ತೊಳೆಯುವ ಬ್ರಷ್ಷು ಬಕೆಟ್ಟು, ಪಾತ್ರೆಗಳ ಜೊತೆ ಬೇರೆ ವರ್ಗದಲ್ಲಿ. ಯಂತ್ರಕ್ಕೆ ಹಾಕುವ ಬ್ರಷ್ಷು ಇನ್ನೊಂದರಲ್ಲಿ. ನಾನು ಅರ್ಜಿ ಹಾಕಿರುವುದು ಕುಂಚದ ವರ್ಗದಲ್ಲಿ. ಬೇರೆ ಯಾವುದಾದರೂ ಸೇರಬೇಕಿದ್ದರೆ ಈಗಲೇ ಹೇಳಬೇಕು.

ಒಂದು ಮಾತು ಚೆನ್ನಾಗಿ ನೆನಪಿಡು. ಈ ವಿವರಣೆಯನ್ನು ಮುಂದೆ ಯಾವಾಗ ಬೇಕಾದರೂ ಕತ್ತರಿಸಿ ಚಿಕ್ಕದು ಮಾಡಬಹುದು, ಸೇರಿಸಿ ದೊಡ್ಡದು ಮಾಡುವ ಹಾಗಿಲ್ಲ. ಕೊಯ್ದ ಮೂಗು ಮತ್ತೆ ಬರುವುದಿಲ್ಲ. ಆದ್ದರಿಂದ ಮೀಸೆ ಒತ್ತಿ ಏನೇನು ಮಾರುತ್ತೀಯೋ ಅಷ್ಟನ್ನೂ ಯೋಚಿಸಿ, ಒಂದೊಂದಾಗಿ ಬರೆದು ಕಳಿಸು.

ಈ ವಾರ ಪೇಟೆಯಲ್ಲಿ ಒಂದು ವಸ್ತು ನೋಡಿದೆ, ಅಂದಿನಿಂದ ಮನಸ್ಸು ಕೆಟ್ಟಿದೆ. ಬಿಡು, ನಿನಗೆ ಹೇಳುವಂಥದಲ್ಲ.

ಗುಬ್ಬಿ


ಜೂನ್ 19

ಗುಬ್ಬಿ,

ಬರೆಯಲು ಕುಳಿತು ಎರಡು ಹಾಳೆ ಹರಿದೆ. ನಿನ್ನ ಕಾರ್ಖಾನೆಯಲ್ಲಿ ಏನಮ್ಮ ಮಾಡುತ್ತೀಯ ಎಂದು ಕೇಳಿದರೆ ಥಟ್ಟನೆ ಉತ್ತರ ಬಾರದ ಯಜಮಾನಿ ನಾನೊಬ್ಬಳೇ ಇರಬೇಕು.

ಬರೆದುಕೊ. ಚಿತ್ರಕಾರರ ದುಂಡು ಕುಂಚ. ಚಪ್ಪಟೆ ಕುಂಚ. ಬೋರ್ಡು ಬರೆಯುವವರ ಉದ್ದ ಕೂದಲಿನ ಕುಂಚ. ಗೆರೆ ಎಳೆಯುವ ಸಣ್ಣ ಕುಂಚ. ಇತ್ಯಾದಿ.

ಆ ಇತ್ಯಾದಿಯನ್ನು ಬಿಡಬೇಡ. ವ್ಯಾಪಾರ ಎಂದ ಮೇಲೆ ಒಂದು ಹೋಗಿ ಒಂದು ಬರುತ್ತಿರುತ್ತದೆ, ಎಲ್ಲವನ್ನೂ ಹೆಸರು ಹಿಡಿದು ಕರೆಯಲು ಆಗುತ್ತದೆಯೇ? ಕೆಳಗೆ ಐವರು ಹೆಂಗಸರು ಕೂತು ದುಡಿಯುತ್ತಾರೆ. ಅವರ ಐದು ಮನೆಯ ಒಲೆ ಉರಿಯುವುದು ಈ ಮೀಸೆಯಿಂದ. ಮಾರ್ಕು ಕೈತಪ್ಪಿದರೆ ನಾನು ಅವರಿಗೆ ಏನು ಹೇಳಲಿ ಎಂದು ಯೋಚಿಸುತ್ತ ಕೂರುತ್ತೇನೆ. ಅವರಲ್ಲಿ ಹಿರಿಯಳು ಗೊಣಗಜ್ಜಿ. ಬಿಸಿಲು ಬಂದರೂ ಗೊಣಗುತ್ತಾಳೆ, ಹೋದರೂ ಗೊಣಗುತ್ತಾಳೆ. ನಿನ್ನ ಕಾಗದದ ವಿಷಯ ಹೇಳಿದರೆ, ಮೀಸೆ ಬಿಟ್ಟುಕೊಂಡು ತಿರುಗುವ ಗಂಡಸರನ್ನು ಯಾರೂ ಇಷ್ಟು ಪ್ರಶ್ನೆ ಕೇಳುವುದಿಲ್ಲವಲ್ಲ ಎಂದಳು.

ಪೇಟೆಯಲ್ಲಿ ಏನು ನೋಡಿದೆ? ಹೇಳುವಂಥದಲ್ಲದಿದ್ದರೆ ಬರೆಯುವುದಾದರೂ ಏಕೆ.

ಅಕ್ಕ


ಜೂನ್ 27

ಅಕ್ಕಾ,

ಇತ್ಯಾದಿ ನಡೆಯುವುದಿಲ್ಲ. ವಕೀಲರು ಕೆಂಪು ಪೆನ್ನಿನಲ್ಲಿ ಅದರ ಮೇಲೆ ಗೆರೆ ಎಳೆದೇಬಿಟ್ಟರು. ಆ ಪದದೊಳಗೆ ಆನೆಯನ್ನೂ ಕಟ್ಟಬಹುದು, ಕಚೇರಿಯವರು ಒಪ್ಪುವುದಿಲ್ಲ ಎಂದರು.

ಆಮೇಲೆ ಶುಚಿ ಮಾಡುವ ಬ್ರಷ್ಷು ಏನಾದರೂ ನಿಮ್ಮಕ್ಕ ಮಾಡುತ್ತಾರೆಯೇ ಎಂದು ಕೇಳಿದರು. ನನಗೆ ಮೈ ಉರಿದುಹೋಯಿತು. ‘ಕೈ ಕಡಿದುಕೊಂಡ್ರೂ ಮಾಡಲ್ಲ ಸಾರ್’ ಎಂದೆ. ಅಷ್ಟು ಕೋಪ ಏಕೆ ಬಂತೆಂದು ಒಂದು ದಿನ ಹೇಳುತ್ತೇನೆ, ಈಗ ಬೇಡ.

ಒಂದು ಹೇಳಿಕೆ ತಯಾರು ಮಾಡಿದ್ದೇವೆ. ಈ ಗುರುತನ್ನು ಆರಂಭದಿಂದಲೂ ಚಿತ್ರಕಾರರ ಮತ್ತು ಬೋರ್ಡು ಬರೆಯುವವರ ಕುಂಚಗಳಿಗೆ ಮಾತ್ರ ಬಳಸಲಾಗಿದೆ, ಶುಚಿಗೊಳಿಸುವ ಬ್ರಷ್‌ಗಳಿಗೆ ಎಂದೂ ಬಳಸಿಲ್ಲ ಎಂದು. ಕೊನೆಯ ಮಾತು ನಾನೇ ಹೇಳಿ ಸೇರಿಸಿದ್ದು. ಗುರುತು ಹುಟ್ಟುಹಾಕಿದವರು ಅಪ್ಪ, ಈಗ ನಡೆಸುತ್ತಿರುವವಳು ನೀನು, ಆದ್ದರಿಂದ ಇಬ್ಬರ ಸಹಿಯೂ ಬೇಕು. ಅದನ್ನು ಅಪ್ಪನ ಹೆಸರಿಗೆ ಬೇರೆ ಲಕೋಟೆಯಲ್ಲಿ ಕಳಿಸಿದ್ದೇನೆ, ತಮ್ಮ ಹೆಸರಿಗೆ ಟಪಾಲು ಬಂತೆಂದು ಖುಷಿಪಡಲಿ. ಓದಿ ನೋಡು. ಒಂದು ಅಕ್ಷರ ತಪ್ಪಿದ್ದರೂ ಸಹಿ ಹಾಕಬೇಡ, ನನಗೆ ಬರೆ.

ಗುಬ್ಬಿ


ಜುಲೈ 14

ಗುಬ್ಬಿ,

ನೀನು ಆ ಲಕೋಟೆಯನ್ನು ನನ್ನ ಹೆಸರಿಗೆ ಕಳಿಸಬೇಕಿತ್ತು.

ನಾನು ಸರಕು ಸಾಗಿಸಲು ಹೋಗಿದ್ದಾಗ ಬಂದಿದೆ. ಅಪ್ಪ ಎದುರುಮನೆಯ ಮೇಷ್ಟ್ರನ್ನು ಕೂಗಿ ಕರೆದು ಓದಿಸಿಕೊಂಡಿದ್ದಾರೆ. ನಾನು ಮೇಲೆ ಬರುವಷ್ಟರಲ್ಲಿ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಬಾಚಿಸಿಕೊಂಡು ಕೂತಿದ್ದರು. ಇನ್ನೊಂದು ಸಲ ಓದು ಎಂದರು. ಓದಿದೆ. ‘ಮಾತ್ರ ಅನ್ನೋ ಕಡೆ ನಿಧಾನವಾಗಿ ಓದು’ ಎಂದರು. ನಿಧಾನವಾಗಿ ಓದಿದೆ. ಅವರು ಹಾಳೆಯ ಅಂಚನ್ನು ಬೆರಳಿನಿಂದ ಹುಡುಕಿಕೊಂಡು, ಸೊಟ್ಟಗಾದರೂ ಪೂರ್ತಿ ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ಹಿಡಿದರು. ಹಿಡಿದೇ ಇದ್ದರು.

ಸಹಿ ಹಾಕಿದ್ದೇನೆ. ಇದರ ಜೊತೆಗಿದೆ.

ಅಕ್ಕ


ಜುಲೈ 25

ಅಕ್ಕಾ,

ಹೇಳಿಕೆ ತಲುಪಿತು, ಅವತ್ತೇ ಸಲ್ಲಿಸಿದೆವು. ಈ ಸಲದ ನಿನ್ನ ಕಾಗದ ಏಕೋ ಚಿಕ್ಕದು. ಕೆಲಸ ಹೆಚ್ಚೆಂದು ಕಾಣುತ್ತದೆ. ಒಳ್ಳೆಯದೇ ಆಯಿತು.

ಗುಬ್ಬಿ


ನವೆಂಬರ್ 8

ಗುಬ್ಬಿ,

ನಿನ್ನಿಂದ ಒಂದು ಸಲಹೆ ಬೇಕು, ನನಗಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಹೆಂಗಸು ಬತ್ತಿ ವ್ಯಾಪಾರ ಮಾಡುತ್ತಾಳೆ. ದೀಪದ ಬತ್ತಿ ಎಂದು ಬರೆಸಿ ಮಾರ್ಕಿಗೆ ಅರ್ಜಿ ಹಾಕಿದ್ದಾಳಂತೆ, ಆದರೆ ಈಗ ಅವಳು ಮಾಡುವುದೆಲ್ಲ ಸ್ಟೌವಿನ ಬತ್ತಿ. ಅದನ್ನೂ ಈಗ ಸೇರಿಸಬಹುದೇ ಎಂದು ಕೇಳಿದಳು. ಅಂಥ ಅವಸರವೇನಿಲ್ಲ.

ಅಪ್ಪನಿಗೆ ಕೆಮ್ಮು. ಯಂತ್ರದ ಸದ್ದಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ.

ಅಕ್ಕ


ನವೆಂಬರ್ 16

ಅಕ್ಕಾ,

ನಿನ್ನ ಬತ್ತಿ ಗೆಳತಿಗೆ ಹೇಳು, ಆ ಅರ್ಜಿಗೆ ಸೇರಿಸಲು ಬರುವುದಿಲ್ಲ. ಬೇರೆಯದೇ ಅರ್ಜಿ ಹಾಕಬೇಕು, ಅದೂ ತಡಮಾಡದೆ. ಇಲ್ಲಿ ಮೊದಲು ಬಂದು ಬಾಗಿಲು ತಟ್ಟಿದವನಿಗೇ ಬೆಲೆ. ಬೇಕಿದ್ದರೆ ನನಗೆ ಬರೆಯಲಿ, ನಾನೇ ಮಾಡಿಕೊಡುತ್ತೇನೆ. ಆದರೆ ಮಾಡುವುದೊಂದು, ಬರೆಸುವುದೊಂದು ಎಂದರೆ ಎಂಥ ಹೆಂಗಸಪ್ಪ ಅವಳು. ಸ್ವಂತ ಸರಕಿನ ಹೆಸರು ಹೇಳಲು ಏನು ದಾಡಿ?

ಅಪ್ಪನನ್ನು ಡಾಕ್ಟರಿಗೆ ತೋರಿಸು. ಆ ಬಾಡಿಗೆಯವರನ್ನು ಒಮ್ಮೆ ಓಡಿಸಬಾರದೇ?

ಗುಬ್ಬಿ


ಫೆಬ್ರವರಿ 6

ಅಕ್ಕಾ, ಅಕ್ಕಾ,

ನೋಂದಣಿ ಪತ್ರ ಬಂತು. ಇದರ ಜೊತೆಗಿದೆ, ಚೌಕಟ್ಟು ಹಾಕಿಸಿ ಅಪ್ಪನ ಮಂಚದ ಮೇಲಿನ ಗೋಡೆಗೆ ತೂಗುಹಾಕು. ಕಾಣದಿದ್ದರೂ ಮುಟ್ಟಿ ನೋಡಲಿ. ಮೀಸೆ ಇನ್ನು ನಮ್ಮದು.

ಈಗ ಇಷ್ಟು ದಿನ ನುಂಗಿಕೊಂಡದ್ದನ್ನು ಹೇಳುತ್ತೇನೆ. ಕಳೆದ ಜೂನಿನಲ್ಲಿ ಪೇಟೆಯ ಒಂದು ಅಂಗಡಿಯಲ್ಲಿ ಏನೋ ಕೊಳ್ಳುತ್ತಿದ್ದೆ. ಮೂಲೆಯ ಬಕೆಟ್ಟಿನಲ್ಲಿ ಕಕ್ಕಸು ತೊಳೆಯುವ ಬ್ರಷ್‌ಗಳು ನಿಂತಿದ್ದವು. ಹಿಡಿಯ ಮೇಲೆ ಅಪ್ಪನ ಮೀಸೆ! ಎಡತುದಿ ಮೇಲೆ, ಬಲತುದಿ ಕೆಳಗೆ, ಹಾಗೆಯೇ. ಜೀವಮಾನವೆಲ್ಲ ಚಿತ್ರಕಾರರ ಕೈಗೆ ಕುಂಚ ಕಟ್ಟಿಕೊಟ್ಟವರ ಮುಖವನ್ನು ತಂದು ಕಕ್ಕಸಿಗೆ ಇಳಿಸಿದ್ದಾರೆ. ನೀನು ಗಾಳಿಮಾತು ಎಂದದ್ದು ಇದೇ ಎಂದು ಆಗಲೇ ಗೊತ್ತಾಯಿತು. ನಿನಗೆ ಹೇಳಿದ್ದರೆ ನಿನ್ನ ಎದೆ ಒಡೆಯುತ್ತಿತ್ತು. ಅದಕ್ಕೇ ಹೇಳಲಿಲ್ಲ, ಅದಕ್ಕೇ ಆ ಹೇಳಿಕೆಯಲ್ಲಿ ಆ ಸಾಲು ಸೇರಿಸಿದೆ.

ಈಗ ಕೈಯಲ್ಲಿ ಪತ್ರವಿದೆ. ಆ ಬ್ರಷ್ಷಿಗೆ ಅಂಟಿಸಿದ್ದ ಚೀಟಿಯ ಮೇಲಿನ ಸಗಟು ವ್ಯಾಪಾರಿಯ ವಿಳಾಸಕ್ಕೆ ವಕೀಲರಿಂದ ನೋಟೀಸು ಹೋಗಿದೆ. ಮೀಸೆ ಮಾರ್ಕಿನವರು ಇಂಥ ಬ್ರಷ್ಷನ್ನು ಎಂದೂ ಮಾಡಿಲ್ಲ, ಮಾಡುವುದೂ ಇಲ್ಲ, ನೀವು ಮಾರುತ್ತಿರುವುದು ನಕಲಿ ಎಂದು. ಹೇಳಿಕೆಯ ಪ್ರತಿಯನ್ನೂ ಲಗತ್ತಿಸಿದ್ದೇವೆ. ಇನ್ನು ಆ ಕಳ್ಳ ಬಾಲ ಮುದುರಿಕೊಂಡು ಓಡಬೇಕು.

ನಿನ್ನ ಗುಬ್ಬಿ


ಮಾರ್ಚ್ 1

ಗುಬ್ಬಿ,

ಆ ಬ್ರಷ್ಷು ನಕಲಿಯಲ್ಲ. ಅದನ್ನು ಮಾಡಿದವಳು ನಾನು.

ಇನ್ನು ಮುಚ್ಚಿಟ್ಟು ಉಳಿಸಿಕೊಳ್ಳುವಂಥದು ಏನೂ ಇಲ್ಲ, ಆದ್ದರಿಂದ ಎಲ್ಲವನ್ನೂ ಬರೆಯುತ್ತೇನೆ. ಅಮ್ಮ ಹೋದ ಮರುವರ್ಷವೇ ಕುಂಚ ಕೇಳುವವರು ಒಬ್ಬೊಬ್ಬರಾಗಿ ನಿಂತರು. ಬೋರ್ಡು ಬರೆಯುವವರು ಕೈಬಿಟ್ಟು ಬೇರೆ ಕೆಲಸ ಹಿಡಿದರು. ಚಿತ್ರಕಾರರಿಗೆ ಅಂಗಡಿಯಲ್ಲಿ ಅಗ್ಗದ್ದು ಸಿಗತೊಡಗಿತು. ಕುಂಚಕ್ಕೆಂದು ಪೆಟ್ಟಿಗೆಯಲ್ಲಿಟ್ಟಿದ್ದ ಅಳಿಲಿನ ಕೂದಲಿಗೆ ನುಸಿ ಹಿಡಿಯಿತು. ಆಗ ಈ ಸಗಟು ವ್ಯಾಪಾರಿ ಬಂದ. ಬಾಟಲಿ ತೊಳೆಯುವ ಬ್ರಷ್ಷು, ಕಕ್ಕಸಿನ ಬ್ರಷ್ಷು ಮಾಡಿಕೊಡುತ್ತೀರಾ ಎಂದ. ಐವರು ಹೆಂಗಸರು ನನ್ನ ಮುಖ ನೋಡುತ್ತಿದ್ದರು. ನಡೆಸಿ ತೋರಿಸುತ್ತೇನೆ ಎಂದಿದ್ದೆನಲ್ಲ, ತಂತಿ ಹೆಣೆಯುವ ಯಂತ್ರ ತರಿಸಿದೆ. ಬಾಡಿಗೆಯವರು ಎಂದು ಯಾರೂ ಇಲ್ಲ, ಎಂದೂ ಇರಲಿಲ್ಲ. ಆ ಗರಗರ ನನ್ನದು.

ಮೊದಮೊದಲು ಮೀಸೆ ಒತ್ತುತ್ತಿರಲಿಲ್ಲ. ಒತ್ತಿಕೊಡಿ, ಆ ಮೀಸೆಗೆ ಪೇಟೆಯಲ್ಲಿ ನಂಬಿಕೆ ಇದೆ ಎಂದು ಅವನೇ ಕೇಳಿದ. ಒತ್ತಿದೆ. ಮೊದಲ ದಿನ ಬಾಯಿಗೆ ಅನ್ನ ಹೋಗಲಿಲ್ಲ, ನಾಲ್ಕನೆಯ ದಿನ ಹೋಯಿತು. ಒಂದನ್ನು ಮಾತ್ರ ಹೇಳಿಕೊಳ್ಳಬಲ್ಲೆ. ನಮ್ಮ ಬ್ರಷ್ಷಿನಿಂದ ಒಂದು ಎಳೆ ಉದುರುತ್ತಿರಲಿಲ್ಲ. ಹಿಡಿಯ ಬುಡದಲ್ಲಿ ಅಪ್ಪನ ಹಾಗೆ ಅರಗಿನ ದಾರದಲ್ಲಿ ಎರಡು ಸುತ್ತು ಹಾಕಿ ಗಂಟು ಕಟ್ಟುತ್ತಿದ್ದೆ. ಕಕ್ಕಸಿನ ಬ್ರಷ್ಷಿಗೆ ಅದು ಬೇಕಾಗಿಯೇ ಇರಲಿಲ್ಲ. ಕಟ್ಟದೆ ಬಿಡಲು ಕೈ ಕೇಳುತ್ತಿರಲಿಲ್ಲ.

ವಾರಕ್ಕೊಮ್ಮೆ ಅಪ್ಪನಿಗೆ ಕೊಡುವ ಹೊಸ ಕುಂಚ ಒಂದೇ ಕುಂಚ. ತೊಳೆದು ಒಣಗಿಸಿ, ಹಿಡಿಗೆ ವಾರ್ನಿಷ್ ಬಳಿದು ಒಯ್ಯುತ್ತೇನೆ. ವಾಸನೆಗೆ ಹೊಸದೆಂದು ನಂಬುತ್ತಾರೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ನಾನು ಬದುಕಿದ್ದು ಹಾಗೆ.

ಕಳೆದ ವರ್ಷ ವ್ಯಾಪಾರಿ ಮಾತು ಬದಲಿಸಿದ. ದೊಡ್ಡ ಫ್ಯಾಕ್ಟರಿಯವರು ಅಗ್ಗಕ್ಕೆ ಮಾಡಿಕೊಡುತ್ತಾರೆ, ಅಲ್ಲೇ ಮೀಸೆ ಒತ್ತಿಸುತ್ತೇನೆ ಎಂದ. ಅದಕ್ಕೇ ನಿನಗೆ ಬರೆದದ್ದು. ಎಲ್ಲಾ ಬಗೆಯ ಬ್ರಷ್‌ಗಳು ಎಂದರೆ ಅದರ ನೆರಳಿನಲ್ಲಿ ಇದೂ ಉಳಿದುಕೊಳ್ಳುತ್ತದೆ, ನಿನಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಆಮೇಲೆ ಇತ್ಯಾದಿಯೊಳಗೆ ಅಡಗಿಸಿದೆ. ಅದನ್ನೂ ಹೊಡೆದುಹಾಕಿದಿರಿ. ಆಮೇಲೆ ಅಪ್ಪ ಪೆನ್ನು ಹಿಡಿದುಕೊಂಡು ಕೂತರು. ಬತ್ತಿ ಮಾರುವ ಹೆಂಗಸು ಯಾರೆಂದು ಈಗ ನಿನಗೆ ಗೊತ್ತು. ಏನು ದಾಡಿ ಎಂದು ಕೇಳಿದೆ. ‘ನಮ್ಮ ಮನೆಯಲ್ಲಿ ಕುಂಚ ಕಟ್ಟುತ್ತಾರೆ’ ಎಂದು ನೀನು ಹೇಳಿಕೊಂಡು ತಿರುಗುವುದೇ ದಾಡಿ.

ನಿನ್ನೆ ವ್ಯಾಪಾರಿ ನಿಮ್ಮ ನೋಟೀಸು ಹಿಡಿದುಕೊಂಡು ಬಂದಿದ್ದ. ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ‘ನೀವೇ ಬರ್ಕೊಟ್ಟಿದೀರಲ್ಲಮ್ಮ, ಇದು ನಿಮ್ದಲ್ಲ ಅಂತ. ನಿಮ್ದಲ್ಲ ಅಂದ್ಮೇಲೆ ಯಾರ್ದಾದ್ರೂ ಆಗ್ಬೇಕಲ್ಲ’ ಎಂದ. ಇನ್ನು ನಮ್ಮಿಂದ ಸರಕು ತೆಗೆಯುವುದಿಲ್ಲವಂತೆ. ನಾವು ಮೀಸೆ ಒತ್ತಿ ಬೇರೆಯವರಿಗೆ ಮಾರಿದರೆ ನಮ್ಮ ಮೇಲೆಯೇ ನೋಟೀಸು ಬರುತ್ತದಂತೆ.

ಗುಬ್ಬಿ, ಏನಾದರೂ ಮಾಡು. ನಿನಗೆ ಕೈಮುಗಿಯುತ್ತೇನೆ. ಆ ಒಂದು ಸಾಲನ್ನು ಹೇಗಾದರೂ ತೆಗೆಸು.

ಅಕ್ಕ


ಮಾರ್ಚ್ 12

ಅಕ್ಕಾ,

ಏನೂ ಮಾಡಲಾಗಲಿಲ್ಲ.

ನಿನ್ನ ಕಾಗದವನ್ನು ವಕೀಲರ ಮುಂದಿಟ್ಟೆ. ಓದಿ ತಿರುಗಿಸಿ ನನ್ನ ಕಡೆಗೇ ತಳ್ಳಿದರು. ನೋಂದಣಿಯಾದ ವಿವರಣೆಗೆ ಸೇರಿಸುವ ಹಾಗಿಲ್ಲ. ಅವತ್ತೇ ಶುಚಿ ಬ್ರಷ್ಷಿನ ವರ್ಗದಲ್ಲಿ ಹೊಸ ಅರ್ಜಿ ಬರೆದೆ. ಹುಡುಕಿ ನೋಡಿದರೆ ಅಲ್ಲಿ ಆ ವ್ಯಾಪಾರಿಯ ಅರ್ಜಿ ಆಗಲೇ ಕೂತಿದೆ, ನಮ್ಮ ನೋಟೀಸು ತಲುಪಿದ ವಾರದಲ್ಲೇ ಹಾಕಿದ್ದಾನೆ. ಮೀಸೆಯ ಎರಡೂ ತುದಿಯನ್ನು ಸಮ ಮಾಡಿಸಿದ್ದಾನೆ. ಮೊದಲಿನಿಂದ ಬಳಸುತ್ತ ಬಂದವರು ನಾವು ಎಂದು ವಾದಿಸಬಹುದಿತ್ತು. ಆದರೆ ಎಂದೂ ಬಳಸಿಲ್ಲ ಎಂದು ನೀನೂ ಅಪ್ಪನೂ ಸಹಿ ಹಾಕಿದ ಹೇಳಿಕೆಯನ್ನೇ ಅವನು ಲಗತ್ತಿಸಿದ್ದಾನೆ. ಅದು ಸುಳ್ಳೆಂದರೆ ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಕುಂಚದ ನೋಂದಣಿಯೂ ಹೋಗುತ್ತದೆ, ಇಬ್ಬರ ಮೇಲೂ ಮೊಕದ್ದಮೆಯಾಗುತ್ತದೆ. ಅಪ್ಪನ ಮೇಲೆ ಕೂಡ. ವಕೀಲರು ಇನ್ನು ಇದರಲ್ಲಿ ಕೈಹಾಕುವುದಿಲ್ಲ ಎಂದಿದ್ದಾರೆ.

ನನಗೆ ನಿನ್ನ ಮೇಲೆ ಕೋಪ ಬಂದಿದೆ, ಸುಳ್ಳೇಕೆ ಹೇಳಲಿ. ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾನು ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಕೋಪ ಇಳಿದಾಗ ಇನ್ನೊಂದು ನೆನಪಾಗುತ್ತದೆ. ಅವತ್ತು ಅಂಗಡಿಯಲ್ಲಿ ಆ ಬ್ರಷ್ಷನ್ನು ಕೊಂಡು ತಂದಿದ್ದೆ. ಕೋಣೆಯಲ್ಲಿ ಕೂತು ಎಳೆಗಳನ್ನು ಬಲವಾಗಿ ಜಗ್ಗಿದೆ. ಒಂದೂ ಬರಲಿಲ್ಲ. ಬುಡದಲ್ಲಿ ಅರಗಿನ ದಾರ, ಎರಡು ಸುತ್ತು, ಅಪ್ಪನ ಗಂಟು. ಕಳ್ಳ ಗಂಟನ್ನೂ ಕದ್ದಿದ್ದಾನೆ ಎಂದುಕೊಂಡೆ. ಆ ಗಂಟು ಕಟ್ಟಲು ಲೋಕದಲ್ಲಿ ಬರುವುದು ಇಬ್ಬರಿಗೆ, ಒಬ್ಬರಿಗೆ ಕಣ್ಣಿಲ್ಲ. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲಿಲ್ಲ. ಹೊಳೆಯುವುದು ಬೇಡವಾಗಿತ್ತೇನೋ.

ಗುಬ್ಬಿ


ಏಪ್ರಿಲ್ 3

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಫೋನ್ ಮಾಡಿದರೆ ಅಪ್ಪ ಎತ್ತಿಕೊಂಡು, ಅವಳು ಕೆಳಗೆ ಕೆಲಸದಲ್ಲಿದ್ದಾಳೆ ಎಂದು ಇಟ್ಟುಬಿಡುತ್ತಾರೆ. ದನಿಯಲ್ಲಿ ಏನೋ ಗೆಲುವಿದೆ. ನನಗೆ ಅದನ್ನು ಕೇಳಲು ಆಗುವುದಿಲ್ಲ.

ನಾನು ರಜೆ ಹಾಕಿ ಬರುತ್ತೇನೆ. ಇಬ್ಬರೂ ಕೂತು ಅಪ್ಪನಿಗೆ ಹೇಳಿಬಿಡೋಣ. ಆಮೇಲೆ ನೀವಿಬ್ಬರೂ ನನ್ನ ಜೊತೆ ಬನ್ನಿ, ಕೋಣೆ ಚಿಕ್ಕದಾದರೂ ಹೇಗೋ ಆಗುತ್ತದೆ. ಕೋಪದಲ್ಲಿ ಬರೆದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಒಂದು ಸಾಲು ಬರೆ.

ಗುಬ್ಬಿ


ಏಪ್ರಿಲ್ 29

ಗುಬ್ಬಿ,

ಬರಬೇಡ. ಬಂದರೆ ನೀನು ಹೇಳಿಬಿಡುತ್ತೀಯ.

ಹೆಂಗಸರನ್ನು ಕಳಿಸಿಯಾಯಿತು. ನಾಲ್ವರು ಅತ್ತರು. ಗೊಣಗಜ್ಜಿ ಮಾತ್ರ ಏನೂ ಅನ್ನಲಿಲ್ಲ. ತನ್ನ ಜಾಗ ಗುಡಿಸಿ, ಕತ್ತರಿಯನ್ನು ಮೇಜಿನ ಮೇಲಿಟ್ಟು ಹೋದಳು. ಎಲ್ಲದಕ್ಕೂ ಗೊಣಗುವವಳು ಇದಕ್ಕೆ ಗೊಣಗಲಿಲ್ಲವಲ್ಲ ಎಂಬುದನ್ನು ನನಗೆ ಇನ್ನೂ ನುಂಗಲಾಗಿಲ್ಲ. ಮೀಸೆ ಇಲ್ಲದೆ ಒಂದಿಷ್ಟು ಬ್ರಷ್ಷು ಮಾಡಿ ಅಂಗಡಿಗಳಿಗೆ ಒಯ್ದು ನೋಡಿದೆ, ಮೀಸೆ ಮಾರ್ಕಿನದು ಇದೆ, ಬೇಡ ಎಂದರು. ಯಂತ್ರವನ್ನು ಗುಜರಿಯವನು ತೂಕಕ್ಕೆ ಹಾಕಿ ಒಯ್ದ.

ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿಸಿದ್ದೇನೆ. ಅಪ್ಪ ಬೆಳಿಗ್ಗೆ ಎದ್ದು ಗೋಡೆ ಸವರಿ ಅದನ್ನು ಮುಟ್ಟುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದನ್ನು ನಾನು ಕಣ್ಣಾರೆ ಕಂಡೆ.

ಯಂತ್ರ ಹೋದ ಮರುದಿನ, ಸದ್ದಿಲ್ಲವಲ್ಲ, ಬಾಡಿಗೆಯವರು ಹೋದರೇ ಎಂದು ಕೇಳಿದರು. ಹೋದರು ಎಂದೆ. ‘ಒಳ್ಳೇದಾಯ್ತು. ಈಗ ನಮ್ಮ ಕಾರ್ಖಾನೆ ಥರ ಕೇಳ್ತಿದೆ. ಕುಂಚದ ಕೆಲಸಕ್ಕೆ ಸದ್ದಿರಲ್ಲ ಮಗಳೇ’ ಎಂದರು. ಕೆಮ್ಮು ಕಡಿಮೆಯಾಗಿದೆ, ನಿದ್ದೆ ಚೆನ್ನಾಗಿ ಬರುತ್ತದಂತೆ. ಆ ಖಾಲಿ ಜಾಗಕ್ಕೂ ಮೇಜು ಹಾಕಿಸು, ಇನ್ನಿಬ್ಬರನ್ನು ಸೇರಿಸಿಕೊ, ಮಾರ್ಕು ಬಂತೆಂದು ಗೊತ್ತಾದರೆ ಬೇಡಿಕೆ ಹೆಚ್ಚುತ್ತದೆ ಎಂದು ದಿನವೂ ಹೇಳುತ್ತಾರೆ. ನಾನು ಬೆಳಿಗ್ಗೆ ಮೆಟ್ಟಿಲಿಳಿದು ಹೋಗಿ ಖಾಲಿ ಮೇಜುಗಳ ನಡುವೆ ಕೂರುತ್ತೇನೆ. ಊಟದ ಹೊತ್ತಿಗೆ ಮೇಲೆ ಬರುತ್ತೇನೆ, ಮತ್ತೆ ಇಳಿಯುತ್ತೇನೆ. ನನ್ನ ಹೆಜ್ಜೆ ಅವರಿಗೆ ಕೇಳಬೇಕು. ಕೆಳಗೆ ಕೂತು ಏನು ಮಾಡುತ್ತೇನೆ ಎಂದು ಕೇಳಬೇಡ, ಅದಕ್ಕೆ ನಿಮ್ಮ ಯಾವ ವರ್ಗದಲ್ಲೂ ಹೆಸರಿಲ್ಲ.

ಮೊನ್ನೆ ಎಂದಿನಂತೆ ಆ ಕುಂಚಕ್ಕೆ ವಾರ್ನಿಷ್ ಬಳಿದು ಒಯ್ದೆ. ಎಷ್ಟು ಸಲ ತೊಳೆದದ್ದೋ ಪಾಪ. ಅಪ್ಪ ತುಟಿಯ ಮೇಲೆ ಎಳೆದರು. ಒಂದು ಕೂದಲು ಕಿತ್ತು ತುಟಿಗೇ ಅಂಟಿಕೊಂಡಿತು. ನಾನು ತೆಗೆಯುವ ಮೊದಲೇ ಅವರ ಬೆರಳು ಅಲ್ಲಿಗೆ ಹೋಯಿತು. ನಮ್ಮ ಮನೆಯ ಕುಂಚದಿಂದ ಕೂದಲು ಉದುರಿದ್ದನ್ನು ಅವರು ಮೊದಲ ಸಲ ಮುಟ್ಟಿದ್ದು. ಬಹಳ ಹೊತ್ತು ಅದನ್ನು ಬೆರಳಿನ ನಡುವೆ ಹೊರಳಿಸುತ್ತಿದ್ದರು.

‘ಯಾರು ಕಟ್ಟಿದ್ದು ಇದನ್ನ?’ ಎಂದು ಕೇಳಿದರು.

‘ಹೊಸಬರು ಅಪ್ಪ’ ಎಂದೆ.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಾನು ಹೇಳಿಬಿಡುತ್ತಿದ್ದೆ ಗುಬ್ಬಿ, ಬಾಯಿತನಕ ಬಂದಿತ್ತು. ಅವರು ನನ್ನ ಕೈ ಹುಡುಕಿ, ಕುಂಚವನ್ನು ಅದರಲ್ಲಿಟ್ಟು ಮುಚ್ಚಿದರು.

‘ಕಲೀತಾರೆ ಬಿಡು. ಇನ್ನೇನು ಅವಸರ, ಮೀಸೆ ನಮ್ದೇ ಆಯ್ತಲ್ಲ’ ಎಂದರು.

ನಿನ್ನ ಅಕ್ಕ